ತುಟಿ ಅಲ್ಲಾಡಿದ್ದಷ್ಟೇ

ಬೀದಿಯವರೆಲ್ಲ ಅವಳನ್ನು ಜೆರಾಕ್ಸಕ್ಕ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿದ ಹೆಂಗಸು. ಈಜುಕೊಳದ ಹಿಂದಿನ ರಸ್ತೆಯಲ್ಲಿ, ಕ್ಷೌರದ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒತ್ತರಿಸಿಕೊಂಡು ಕೂತಂತಿದ್ದ ಮಳಿಗೆ ಅವಳದು. ಒಳಗೆ ಎರಡು ಜೆರಾಕ್ಸ್ ಯಂತ್ರ, ಒಂದು ಲ್ಯಾಮಿನೇಶನ್ ಯಂತ್ರ, ಬೈಂಡಿಂಗ್ ಮಾಡುವ ಮೇಜು, ಬಾಗಿಲ ಬಳಿ ಗಿರಾಕಿಗಳಿಗೊಂದು ಸ್ಟೂಲು. ಮೇಲುಗಡೆ ಅವಳ ಮನೆ: ಒಂದು ಕೋಣೆ, ಒಂದು ಅಡುಗೆಮನೆ. ತಾಯಿ ತೀರಿಕೊಂಡಾಗ ತಂಗಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅವಳನ್ನು ಓದಿಸಿ, ನರ್ಸ್ ಮಾಡಿ, ಮದುವೆ ಮಾಡಿ, ಕೊನೆಗೆ ಬಾಣಂತನವನ್ನೂ ಮಾಡಿದವಳು ಜೆರಾಕ್ಸಕ್ಕನೇ. ನೀನ್ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಒರಿಜಿನಲ್ ಸಿಗಲಿಲ್ಲ, ಬರೀ ಕಾಪಿಗಳೇ ಬಂದ್ವು" ಎಂದು ನಗಿಸಿ ಕಳಿಸುತ್ತಿದ್ದಳು.

ಅವಳಿಗಿದ್ದ ಒಂದೇ ಚಟ ಈಜು. ಅದೂ ನಡುವಯಸ್ಸಿನಲ್ಲಿ ಹತ್ತಿದ್ದು. ಆ ಈಜುಕೊಳ ಬಡಾವಣೆಯವರು ಸೇರಿ ಕಟ್ಟಿಕೊಂಡ ಸಂಘದ್ದು. ಸದಸ್ಯರೇ ಅಧ್ಯಕ್ಷರನ್ನು ಆರಿಸುತ್ತಿದ್ದರು, ಸದಸ್ಯರೇ ಅವರ ಜೊತೆ ಜಗಳವಾಡುತ್ತಿದ್ದರು. ಸಂಘದ ಸಭೆಗಳು ಬಹಿರಂಗವಾಗಿ ನಡೆಯುತ್ತಿದ್ದವು. ಸದಸ್ಯರಲ್ಲದವರೂ ಬಂದು ಹಿಂದಿನ ಕುರ್ಚಿಗಳಲ್ಲಿ ಕೂತು ಕೇಳಬಹುದಿತ್ತು. ಕಾಯಿಲೆಯವರು, ಮುದುಕರು ಮನೆಯಿಂದಲೇ ಫೋನಿನಲ್ಲಿ ಸೇರಿಕೊಳ್ಳಲಿ ಎಂದು ಈಚೆಗೆ ಸಭಾಂಗಣದ ಗೋಡೆಗೆ ಒಂದು ದೊಡ್ಡ ಪರದೆಯನ್ನೂ ಹಾಕಿಸಿದ್ದರು.

ಕೊಳದ ಕಾವಲಿಗಿದ್ದವರು ಪೀಪಿ ಮೇಷ್ಟ್ರು. ಕೊರಳಲ್ಲಿ ಸದಾ ನೇತಾಡುತ್ತಿದ್ದ ಸೀಟಿಯಿಂದಾಗಿ ಮಕ್ಕಳಿಟ್ಟ ಹೆಸರು ಅದು. ದೊಡ್ಡವರ ಬಾಯಲ್ಲೂ ಅದೇ ನಿಂತುಹೋಗಿತ್ತು. ಮಾತು ಕಡಿಮೆ. ಕೊಳದ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂತರೆ ಕಣ್ಣು ನೀರಿನ ಮೇಲೆಯೇ. ಜೆರಾಕ್ಸಕ್ಕನಿಗೆ ಈಜು ಕಲಿಸಿದವರೂ ಅವರೇ. ಮೊದಲ ದಿನ ಅವಳು, "ನಾನು ಕಲ್ಲಿನ ಹಾಗೆ ಮುಳುಗೋಳು ಮೇಷ್ಟ್ರೇ" ಎಂದಾಗ, "ಕಲ್ಲಿಗೆ ಗಾಬರಿ ಇರಲ್ಲ, ನಿಮಗಿದೆ. ಅದೊಂದು ಬಿಟ್ಟರೆ ತೇಲ್ತೀರಿ" ಎಂದಿದ್ದರು. ತೇಲಿದಳು. ಆಮೇಲೆ ಅಂಗಡಿ ತೆರೆಯುವ ಮುಂಚೆ ನೀರಿಗಿಳಿಯದ ದಿನವೇ ಇರಲಿಲ್ಲ.

ಅದೊಂದು ಭಾನುವಾರ ತಂಗಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ತಂಗಿಯ ಗಂಡನೂ ಕೆಲಸದ ಮೇಲೆ ಹೊರಗೆ ಹೋಗಿದ್ದ. ಎರಡನೇ ತರಗತಿಯಲ್ಲಿ ಓದುತ್ತಿದ್ದ ಮಗಳು ಪುಟ್ಟಿಯನ್ನು ತಂಗಿ ಅಕ್ಕನ ಹತ್ತಿರ ಬಿಟ್ಟು ಹೋಗಿದ್ದಳು. ಪುಟ್ಟಿಗೆ ದೊಡ್ಡಮ್ಮನ ಜೊತೆ ಕೊಳಕ್ಕೆ ಹೋಗುವುದೆಂದರೆ ಪ್ರಾಣ. ಇನ್ನೂ ಈಜು ಬಾರದ ಅವಳು ಆಳವಿಲ್ಲದ ಕಡೆ ಉಳಿದ ಮಕ್ಕಳ ಜೊತೆ ನೀರೆರಚಿಕೊಂಡು ಆಡುತ್ತಿದ್ದಳು.

ಜೆರಾಕ್ಸಕ್ಕ ಈಜು ಮುಗಿಸಿ, ಟವೆಲ್ ಹೊದ್ದು ಲಾಕರಿನ ಹತ್ತಿರ ಹೋದಳು. ಬೀಗ ತೆರೆಯಲೊಲ್ಲದು. ಬಟ್ಟೆ, ಫೋನು, ಅಂಗಡಿಯ ಕೀಲಿ ಎಲ್ಲ ಅದರೊಳಗೇ. ಅಂಗಡಿಯ ಮುಂದೆ ಒಬ್ಬ ವಿದ್ಯಾರ್ಥಿ ತನ್ನ ಪ್ರಬಂಧವನ್ನು ಬೈಂಡ್ ಮಾಡಿಸಿಕೊಳ್ಳಲು ಕಾಯುತ್ತಿರುತ್ತಾನೆಂದು ನೆನಪಾಗಿ ಅವಳಿಗೆ ಕಾಲು ನಿಲ್ಲದಾಯಿತು. ಲಾಕರುಗಳಿದ್ದ ಓಣಿಯ ಬಾಗಿಲಿಗೆ ಬಂದು ಕೂಗಿದಳು.

"ಮೇಷ್ಟ್ರೇ, ಈ ಬೀಗ ಹಟ ಹಿಡಿದು ಕೂತಿದೆ. ಸ್ವಲ್ಪ ಬನ್ನಿ."

"ನೀರಲ್ಲಿ ಮಕ್ಕಳಿದ್ದಾರೆ ಅಕ್ಕ. ಆಫೀಸಲ್ಲಿ ಕೇಳಿ."

"ಆಫೀಸಲ್ಲಿ ನರಪಿಳ್ಳೆ ಇಲ್ಲ. ನೀವೊಂದು ತಿರುವು ತಿರುವಿದ್ರೆ ಬಂದುಬಿಡುತ್ತೆ."

"ಮಕ್ಕಳು ಮೇಲೆ ಬಂದ ಮೇಲೆ ನೋಡೋಣ."

"ಅಷ್ಟೊತ್ತಿಗೆ ಆ ಹುಡುಗ ನನ್ನ ಅಂಗಡಿ ಬಾಗಿಲು ಒಡೆದಿರ್ತಾನೆ! ನಾನಿಲ್ಲೇ ನಿಂತು ನೋಡ್ಕೊಂಡಿರ್ತೀನಿ ಮೇಷ್ಟ್ರೇ. ನಮ್ಮ ಪುಟ್ಟೀನೂ ಅಲ್ಲೇ ಇದ್ದಾಳಲ್ಲ, ನೋಡದೆ ಇರ್ತೀನಾ?"

ಮೇಷ್ಟ್ರು ನೀರಿನ ಕಡೆ ನೋಡಿದರು, ಅವಳ ಕಡೆ ನೋಡಿದರು. ಕುರ್ಚಿಯಿಂದ ಇಳಿದು ಬಂದು, "ಕಣ್ಣು ಕೀಳಬೇಡಿ" ಎಂದು ಹೇಳಿ ಲಾಕರಿನ ಕಡೆ ಹೋದರು.

ಅವಳು ನಿಂತಳು, ನೋಡಿದಳು. ಪುಟ್ಟಿ ಕೆಂಪು ಟೋಪಿ ಹಾಕಿಕೊಂಡು ಇನ್ನೊಂದು ಹುಡುಗಿಯ ಜೊತೆ ಕಂಬಿ ಹಿಡಿದು ಕುಣಿಯುತ್ತಿದ್ದಳು. ಅಷ್ಟರಲ್ಲಿ ಓಣಿಯಲ್ಲಿ ಬೀಗ ಕಳಚಿಕೊಂಡ ಸದ್ದು. ಲಾಕರಿನೊಳಗಿಂದ ಫೋನಿನ ರಿಂಗು. ವಿದ್ಯಾರ್ಥಿಯದೇ ಇರಬೇಕೆಂದು ಅವಳು ಓಣಿಗೆ ನುಗ್ಗಿ ಫೋನೆತ್ತಿಕೊಂಡಳು. "ಬಂದೆ ಕಣಪ್ಪ, ನಾನೇನು ಆಕಾಶದಲ್ಲಿದ್ದೀನಾ? ಯಾವ ಬಣ್ಣದ ರಟ್ಟು ಅಂತ ಈಗಲೇ ಹೇಳಿಬಿಡು" ಎಂದು ಗೋಡೆಯ ಕಡೆ ತಿರುಗಿ ಮಾತಿಗೆ ನಿಂತಳು. ಬೀಗದ ತಿರುಪು ಬಿಗಿ ಮಾಡುತ್ತಿದ್ದ ಮೇಷ್ಟ್ರು ತಲೆಯೆತ್ತಿದರು. ಅವಳನ್ನು ಪಕ್ಕದಲ್ಲೇ ಕಂಡು ಅವರ ಮುಖದ ಬಣ್ಣವೇ ಹೋಯಿತು.

"ಅಕ್ಕ, ನೀರಿನ ಹತ್ತಿರ ಯಾರಿದ್ದಾರೆ?"

ಉತ್ತರಕ್ಕೆ ಮೊದಲೇ ಹೊರಗೆ ಮಕ್ಕಳು ಕಿರುಚಿಕೊಂಡರು.

ಕಂಬಿಯಿಂದ ಕಂಬಿಗೆ ಜರುಗುತ್ತ ಪುಟ್ಟಿ ಆಳದ ಕಡೆಗೆ ಹೋಗಿಬಿಟ್ಟಿದ್ದಳು. ಅಲ್ಲಿ ಕೈ ಜಾರಿತ್ತು. ಅತ್ತ ಕಡೆಯಿಂದ ಈಜಿಕೊಂಡು ಬರುತ್ತಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ತಾತ ನೀರಿನಡಿಯಲ್ಲಿ ಕೆಂಪು ಟೋಪಿ ಕಂಡು ಅವಳನ್ನು ಎತ್ತಿ ಹಿಡಿದಿದ್ದರು. ಮೇಷ್ಟ್ರು ಓಡಿ ಬಂದು ಮಗುವನ್ನು ಕಲ್ಲಿನ ಮೇಲೆ ಮಲಗಿಸಿ ಎದೆ ಒತ್ತಿದರು, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಕೊನೆಗೆ ಪುಟ್ಟಿ ನೀರು ಕಾರಿ ಕೆಮ್ಮಿ ಅತ್ತಾಗ ಸುತ್ತ ನಿಂತವರಿಗೆಲ್ಲ ಹೋದ ಜೀವ ಬಂದಂತಾಯಿತು. ಜೆರಾಕ್ಸಕ್ಕನ ಕೈಯಲ್ಲಿ ಫೋನು ಇನ್ನೂ ಹಾಗೇ ಇತ್ತು. ಅದರೊಳಗಿಂದ "ನೀಲಿ ರಟ್ಟು ಅಕ್ಕ, ನೀಲಿ" ಎಂಬ ದನಿ ಬರುತ್ತಲೇ ಇತ್ತು.

ಆಂಬುಲೆನ್ಸ್ ಅವರನ್ನು ಕರೆದುಕೊಂಡು ಹೋದದ್ದು ತಂಗಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ. ವಾರ್ಡಿನಿಂದ ಯೂನಿಫಾರ್ಮಿನಲ್ಲೇ ಓಡಿ ಬಂದ ತಂಗಿ ಮೊದಲು ಮಗಳ ತುಟಿಯ ಬಣ್ಣ ನೋಡಿದಳು, ನಾಡಿ ನೋಡಿದಳು, ಆಮೇಲೆ ಅತ್ತಳು. ಅಪಾಯವಿಲ್ಲ, ಒಂದು ದಿನ ಇರಿಸಿಕೊಂಡು ಕಳಿಸುತ್ತೇವೆ ಎಂದು ವೈದ್ಯರು ಹೇಳಿದ ಮೇಲೆ ಅಕ್ಕನ ಕಡೆ ತಿರುಗಿದಳು.

"ಆ ಕಾವಲಿನವನು ಎಲ್ಲಿ ಸತ್ತಿದ್ದ?"

"ಅವರು... ಜಾಗದಲ್ಲಿ ಇರಲಿಲ್ಲ" ಎಂದಳು ಜೆರಾಕ್ಸಕ್ಕ.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ಅವಳು ಜನ್ಮದಲ್ಲಿ ಹೇಳಿರಲಿಲ್ಲ.

"ನೀನೆಲ್ಲಿದ್ದೆ?"

"ಲಾಕರ್ ಹತ್ತಿರ. ಬಟ್ಟೆ ತಗೊಳ್ಳೋಕೆ ಹೋಗಿದ್ದೆ."

"ನೀನೇನು ಮಾಡ್ತೀಯ ಬಿಡು. ಕಾವಲು ಕಾಯೋಕೆ ಅಂತ ಅವನನ್ನ ಇಟ್ಟಿರೋದು" ಎಂದು ತಂಗಿ ಅಕ್ಕನ ಭುಜಕ್ಕೆ ತಲೆಯಿಟ್ಟಳು. ಆ ತಲೆಯ ಭಾರಕ್ಕೆ ಜೆರಾಕ್ಸಕ್ಕನ ಬಾಯಿ ಇನ್ನೂ ಬಿಗಿಯಾಯಿತು. ಮಗು ಮನೆಗೆ ಬರಲಿ, ಆಮೇಲೆ ಹೇಳೋಣ ಎಂದುಕೊಂಡಳು. ಮಗು ಮನೆಗೆ ಬಂತು. ತಂಗಿಗೆ ಸ್ವಲ್ಪ ಸಮಾಧಾನವಾಗಲಿ, ಆಮೇಲೆ ಹೇಳೋಣ ಎಂದುಕೊಂಡಳು. ತಂಗಿ ಸಮಾಧಾನ ಮಾಡಿಕೊಳ್ಳುವ ಬದಲು ಸಂಘಕ್ಕೆ ದೂರು ಕೊಟ್ಟಳು.

ಸಂಘದ ಕಾರ್ಯದರ್ಶಿಗೆ ಟೈರಿನ ವ್ಯಾಪಾರ. ನಿಯಮ ಎಂದರೆ ಮನುಷ್ಯನಿಗೆ ಊಟಕ್ಕಿಂತ ಇಷ್ಟ. ಬಹಿರಂಗ ಸಭೆಯ ನೋಟೀಸನ್ನು ಹಿಡಿದುಕೊಂಡು ಆತ ಬಂದದ್ದು ಜೆರಾಕ್ಸಕ್ಕನ ಅಂಗಡಿಗೇ. "ಎಲ್ಲ ಸದಸ್ಯರ ಮನೆಗೂ ಹೋಗ್ಬೇಕಕ್ಕ, ಕಾಪಿ ಸ್ಪಷ್ಟವಾಗಿ ಬರಲಿ." ಅದರಲ್ಲಿ ಚರ್ಚೆಯ ವಿಷಯ ಒಂದೇ: ಈಜುಕೊಳದ ಕಾವಲುಗಾರರ ನಿರ್ಲಕ್ಷ್ಯ ಮತ್ತು ಅವರನ್ನು ಕೆಲಸದಿಂದ ತೆಗೆಯುವ ಬಗ್ಗೆ. ಯಂತ್ರದ ಬೆಳಕು ಹಾಯುತ್ತಿದ್ದಂತೆಲ್ಲ 'ನಿರ್ಲಕ್ಷ್ಯ', 'ನಿರ್ಲಕ್ಷ್ಯ' ಎಂದು ಹಾಳೆಯ ಮೇಲೆ ಹಾಳೆ ಬಂದು ಬಿತ್ತು. ಬಿಸಿಬಿಸಿ ಕಟ್ಟನ್ನು ಅವಳೇ ಜೋಡಿಸಿ ಕೊಟ್ಟಳು.

"ನೀವಂತೂ ಬರಲೇಬೇಕು. ಅವತ್ತು ಅಲ್ಲಿದ್ದೋರು ನೀವು."

"ಕಾಲು ಉಳುಕಿದೆ ಕಣಪ್ಪ" ಎಂದುಬಿಟ್ಟಳು ಜೆರಾಕ್ಸಕ್ಕ. ಹೇಗೆ ಬಾಯಿಗೆ ಬಂತೋ ಅವಳಿಗೇ ತಿಳಿಯದು.

"ಅಯ್ಯೋ, ಅದಕ್ಕೇನಂತೆ! ಫೋನಲ್ಲಿ ಸೇರ್ಕೊಳ್ಳಿ. ಲಿಂಕ್ ಕಳಿಸ್ತೀನಿ."

ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳಿಗೆ ಕಾಲಿತ್ತು, ಅದು ಕುಂಟಬೇಕಾಗಿತ್ತು. ಅಂದಿನಿಂದ ಅವಳು ಹಾಲು ತರಲು ಕುಂಟಿದಳು, ಮೆಟ್ಟಿಲು ಹತ್ತಲು ಕುಂಟಿದಳು. ಕ್ಷೌರದ ಅಂಗಡಿಯವನು ಕಾಲು ಚಾಚಲು ಸ್ಟೂಲು ತಂದುಕೊಟ್ಟ. ಔಷಧಿ ಅಂಗಡಿಯವನು ಬ್ಯಾಂಡೇಜು ಸುತ್ತಿಕೊಟ್ಟ. ಒಬ್ಬೊಬ್ಬರ ಕರುಣೆಯೂ ಅವಳಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಸಭೆಯ ಸಂಜೆ ಅವಳು ಅಂಗಡಿಯ ಶಟರನ್ನು ಅರ್ಧ ಎಳೆದು, ಕಾಗದದ ಕಟ್ಟಿಗೆ ಫೋನನ್ನು ಒರಗಿಸಿ ಕೂತಳು. ಮೈಕ್ ಆಫ್ ಮಾಡಿಕೊಂಡಿದ್ದಳು. ಸಭಾಂಗಣ ಫೋನಿನಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಅಧ್ಯಕ್ಷೆ ಹಲ್ಲಿನ ಡಾಕ್ಟರಮ್ಮ ನಡುವೆ, ಅವರ ಪಕ್ಕ ಕಾರ್ಯದರ್ಶಿ. ಮುಂದಿನ ಸಾಲಿನಲ್ಲಿ ತಂಗಿ. ಒಂದು ಬದಿಗೆ ಒಂಟಿ ಕುರ್ಚಿಯ ಮೇಲೆ ಪೀಪಿ ಮೇಷ್ಟ್ರು. ಅವರ ಕೊರಳಲ್ಲಿ ಸೀಟಿ ಇರಲಿಲ್ಲ. ಅದಿಲ್ಲದೆ ಅವರು ಯಾರೋ ಬೇರೆಯವರಂತೆ ಕಾಣುತ್ತಿದ್ದರು.

ತಂಗಿ ಎದ್ದು ಮಾತಾಡಿದಳು. ನರ್ಸ್ ಆದವಳು ನಡೆದದ್ದನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದಳು. ಕೊನೆಗೆ ಮಾತ್ರ ದನಿ ಒಡೆಯಿತು. ಮೇಷ್ಟ್ರ ಕಡೆ ಬೆರಳು ತೋರಿಸಿ, "ಆ ಕುರ್ಚಿಯಲ್ಲಿ ಕೂತ್ಕೊಳ್ಳೋದು ಬಿಟ್ರೆ ಇವರಿಗೆ ಬೇರೆ ಏನು ಕೆಲಸ ಇತ್ತು? ಅದೊಂದನ್ನೂ ಮಾಡಲಿಲ್ಲ" ಎಂದಳು. ಹಿಂದಿನ ಸಾಲುಗಳಿಂದ 'ಛೆ, ಛೆ' ಎಂಬ ಸದ್ದು.

ಡಾಕ್ಟರಮ್ಮ ಕೇಳಿದರು: "ನೀವು ಜಾಗ ಬಿಟ್ಟು ಹೋಗಿದ್ದು ನಿಜವಾ?"

"ನಿಜ" ಎಂದರು ಮೇಷ್ಟ್ರು.

"ಯಾಕೆ ಹೋದ್ರಿ?"

"ಒಬ್ಬ ಸದಸ್ಯರು ಕರೆದರು. ನಾನು ನೋಡ್ಕೊಂಡಿರ್ತೀನಿ ಅಂದ್ರು. ನಂಬಿ ಹೋದೆ."

ಸಭೆಯಲ್ಲಿ ಗುಜುಗುಜು ಎದ್ದಿತು. "ಯಾರು ಕರೆದದ್ದು?" ಎಂದು ಕಾರ್ಯದರ್ಶಿ ಪೆನ್ನು ಎತ್ತಿ ಹಿಡಿದ.

"ಅದನ್ನ ಅವರೇ ಹೇಳಲಿ. ನಾನು ಹೇಳಿದ್ರೆ ತಪ್ಪಿಸಿಕೊಳ್ಳೋಕೆ ಇನ್ನೊಬ್ಬರ ಮೇಲೆ ಹಾಕಿದ ಹಾಗಾಗುತ್ತೆ. ನಾನು ಹೋಗಬಾರದಿತ್ತು, ಹೋದೆ. ಅದಂತೂ ನನ್ನದೇ."

ಹೀಗೆ ಹೇಳಿ ಅವರು ತಲೆಯೆತ್ತಿ ಗೋಡೆಯ ಪರದೆಯನ್ನು ನೋಡಿದರು. ಅವರ ಕಣ್ಣು ನೆಟ್ಟಿದ್ದು ತನ್ನ ಮುಖದ ಮೇಲೆ ಎಂದು ಜೆರಾಕ್ಸಕ್ಕನಿಗೆ ಗೊತ್ತಾಯಿತು. ಅತ್ತ ಗೋಡೆಯ ಮೇಲೆ ತನ್ನ ಮುಖ ಎಷ್ಟು ದೊಡ್ಡದಾಗಿ ಕಾಣುತ್ತಿರಬಹುದೆಂದು ನೆನೆದು ಅವಳು ಫೋನಿನಿಂದ ಸ್ವಲ್ಪ ಹಿಂದಕ್ಕೆ ಸರಿದಳು.

"ಪರದೆ ಮೇಲೆ ನಮ್ಮ ಜೆರಾಕ್ಸಕ್ಕ ಇದ್ದಾರೆ" ಎಂದರು ಡಾಕ್ಟರಮ್ಮ. "ಅಕ್ಕ, ಅವತ್ತು ನೀವು ಅಲ್ಲೇ ಇದ್ರಲ್ಲ. ಇವರನ್ನ ಯಾರಾದ್ರೂ ಕರೆದದ್ದು ನೋಡಿದ್ರಾ?"

ತಂಗಿಯೂ ತಿರುಗಿ ಪರದೆಯನ್ನು ನೋಡಿದಳು. ನಂಬಿಕೆ ತುಂಬಿದ ಕಣ್ಣು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಯಾರಾದರೂ ಹೊಡೆದರೆ ಅಕ್ಕ ಬರುತ್ತಾಳೆಂದು ಗೇಟಿನ ಕಡೆ ನೋಡುತ್ತಿದ್ದ ಹಾಗೆ.

ಜೆರಾಕ್ಸಕ್ಕ ಬಾಯಿ ತೆರೆದಳು. ಮೈಕ್ ಆಫ್ ಇರುವುದು ಅವಳಿಗೆ ಗೊತ್ತಿತ್ತು. ಕೆಂಪು ಗುರುತು ಕಣ್ಣೆದುರಿಗೇ ಇತ್ತು; ಅದರ ಮೇಲೆ ಬೆರಳಿಟ್ಟರೆ ಸಾಕಿತ್ತು. ಬೆರಳನ್ನು ಅಲ್ಲಿಗೆ ಒಯ್ಯಲಿಲ್ಲ. ತುಟಿ ಮಾತ್ರ ಅಲ್ಲಾಡಿಸಿದಳು. ನೀರಿನಿಂದ ಮೇಲೆ ಬಂದ ಮೀನಿನ ಹಾಗೆ ಸುಮ್ಮನೆ ತೆರೆದಳು, ಮುಚ್ಚಿದಳು, ತೆರೆದಳು.

"ಕೇಳಿಸ್ತಿಲ್ಲ ಅಕ್ಕ! ಮೈಕು, ಮೈಕ್ ಆನ್ ಮಾಡಿ!" ಎಂದು ಸಭೆಯವರೆಲ್ಲ ಕೂಗಿದರು. ಅವಳು ಕಿವಿಯ ಹತ್ತಿರ ಕೈಯಿಟ್ಟು, ತನಗೂ ಕೇಳಿಸುತ್ತಿಲ್ಲ ಎನ್ನುವಂತೆ ತಲೆಯಾಡಿಸಿದಳು. ಇನ್ನೊಮ್ಮೆ ತುಟಿ ಅಲ್ಲಾಡಿಸಿದಳು. ಆಮೇಲೆ ಫೋನನ್ನೇ ಬೋರಲು ಮಲಗಿಸಿ ಸ್ವಿಚ್ ಆಫ್ ಮಾಡಿದಳು.

ಅರ್ಧ ಶಟರಿನ ಕೆಳಗೆ ಬೀದಿಯ ಕಾಲುಗಳು ಓಡಾಡುತ್ತಿದ್ದವು. ಕತ್ತಲೆಯಾಗುವವರೆಗೆ ಅವಳು ಹಾಗೇ ಕೂತಿದ್ದಳು.

ಸಭೆ ಮೇಷ್ಟ್ರನ್ನು ಕೆಲಸದಿಂದ ತೆಗೆಯಿತು. ತಂಗಿ ಬಂದು ಅದನ್ನು ಹೇಳಿ, "ನೀನು ಪಾಪ ಏನೋ ಹೇಳೋಕೆ ಒದ್ದಾಡ್ತಿದ್ದೆ, ಹಾಳು ನೆಟ್‌ವರ್ಕ್" ಎಂದಳು. ಜೆರಾಕ್ಸಕ್ಕ ಹೂಂ ಎಂದಳು. ತಂಗಿ ಹೋಗುವಾಗ ಅಕ್ಕನ ಕಾಲಿಗೆ ದಿಂಬು ಕೊಟ್ಟು ಹೋದಳು.

ಅಂದಿನಿಂದ ಅವಳ ಮೈಯಲ್ಲಿ ಅವಳಿರಲಿಲ್ಲ. ಅನ್ನ ಸೇರಲಿಲ್ಲ. ಒಬ್ಬರ ಹಾಳೆಯನ್ನು ಇನ್ನೊಬ್ಬರಿಗೆ ಕೊಟ್ಟಳು, ರಟ್ಟುಗಳನ್ನು ತಲೆಕೆಳಗಾಗಿ ಹಚ್ಚಿದಳು. "ಏನಕ್ಕ, ಕಾಲು ಉಳುಕಿದ್ದಾ ತಲೆ ಉಳುಕಿದ್ದಾ?" ಎಂದು ಕ್ಷೌರದವನು ತಮಾಷೆ ಮಾಡಿದರೆ ಮರುಮಾತಾಡಲಿಲ್ಲ. ಅವಳ ಬಾಯಿಗೆ ಉತ್ತರ ಸಿಗದ್ದನ್ನು ಬೀದಿಯವರು ಕಂಡದ್ದು ಅದೇ ಮೊದಲು. ಈಜಲು ಹೋಗುವುದನ್ನೂ ಬಿಟ್ಟಳು. ಅದಕ್ಕೆ ಕಾಲಿನ ನೆಪ ಇದ್ದೇ ಇತ್ತು.

ಕೆಲವು ದಿನ ಕಳೆದ ಮೇಲೆ ಮಧ್ಯಾಹ್ನ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಪ್ಲಾಸ್ಟಿಕ್ ಚೀಲದಿಂದ ಒಂದು ಫೈಲು ತೆಗೆದು, "ಇವೆಲ್ಲ ಎರಡೆರಡು ಕಾಪಿ ಬೇಕಿತ್ತು" ಎಂದಳು. ಮೇಲಿನದು ಜೀವರಕ್ಷಕ ತರಬೇತಿಯ ಪ್ರಮಾಣಪತ್ರ. ಅದರಲ್ಲಿದ್ದ ಫೋಟೋ ಪೀಪಿ ಮೇಷ್ಟ್ರದು, ತಲೆತುಂಬ ಕೂದಲಿದ್ದ ಕಾಲದ್ದು. ಬಂದವಳು ಅವರ ಹೆಂಡತಿ.

ಜೆರಾಕ್ಸಕ್ಕ ಎದ್ದಳು. ಗಾಬರಿಯಲ್ಲಿ ಕುಂಟುವುದನ್ನೂ ಮರೆತಳು. ಎರಡು ಹೆಜ್ಜೆ ನಡೆದ ಮೇಲೆ ನೆನಪಾಗಿ ಕುಂಟಿದಳು.

"ನೀವು ಕೂತ್ಕೊಳ್ಳಿ ಅಕ್ಕ, ನಿಧಾನಕ್ಕೆ ಆಗಲಿ" ಎಂದಳು ಮೇಷ್ಟ್ರ ಹೆಂಡತಿ. "ನಿಮ್ಮನ್ನ ನೋಡ್ಬೇಕು ಅಂತಾನೇ ಇಷ್ಟು ದೂರ ಬಂದೆ. ಅವತ್ತು ಸಭೆಯಲ್ಲಿ ನಮ್ಮನೆಯೋರ ಪರವಾಗಿ ಮಾತಾಡೋಕೆ ಬಂದ್ರಂತೆ ನೀವು."

ಯಂತ್ರ ಸದ್ದು ಮಾಡುತ್ತಿತ್ತು. ಜೆರಾಕ್ಸಕ್ಕ ತಿರುಗಿ ನೋಡಲಿಲ್ಲ.

"ಯಾರು ಹೇಳಿದ್ರು?"

"ಅವರೇ. ಮನೆಗೆ ಬಂದು ಒಂದೇ ಮಾತು ಹೇಳಿದ್ದು. ಜೆರಾಕ್ಸಕ್ಕ ಹೇಳೋಕೆ ಬಾಯಿ ತೆಗೆದ್ರು, ನೆಟ್‌ವರ್ಕ್ ಹೋಯ್ತು, ನನ್ನ ಹಣೆಬರಹ ಅಂದ್ರು. ಏನು ಹೇಳ್ತಿದ್ರೋ ಅಂತ ಕೇಳಿದ್ರೆ ಅದನ್ನ ಹೇಳಲ್ಲ. ಅವರ ಬಾಯಿಂದ ಮಾತು ಬರೋದು ಅಂದ್ರೆ ಬಾವಿಯಿಂದ ಆನೆ ಎತ್ತಿದ ಹಾಗೆ." ಅವಳು ನಕ್ಕು ಚೀಲದಿಂದ ಒಂದು ಸಣ್ಣ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. "ಕಾಲು ಉಳುಕಿದೆ ಅಂತ ಕೇಳಿದೆ, ನೋವಿನ ಎಣ್ಣೆ ತಂದೆ. ಮಕ್ಕಳಿಗೆ ಕಾಲು ಹಿಡ್ಕೊಂಡಾಗ ಅವರು ಇದನ್ನೇ ಹಚ್ತಿದ್ರು. ಬಿಸಿ ಮಾಡಿ ತಿಕ್ಕಿ. ಯಾವ ಕಾಲು ಅಕ್ಕ?"

ಜೆರಾಕ್ಸಕ್ಕ ತನ್ನ ಎರಡು ಪಾದಗಳನ್ನೂ ನೋಡಿಕೊಂಡಳು. ಬ್ಯಾಂಡೇಜು ಎಡಗಾಲಿಗಿತ್ತು. ಆಗಷ್ಟೇ ಕುಂಟಿದ್ದು ಬಲಗಾಲು.

"ಎರಡೂ" ಎಂದಳು. ಅಷ್ಟು ಹೇಳಿ ಅಳು ತಡೆಯಲಾಗದೆ ಯಂತ್ರದ ಹಿಂದೆ ಬಗ್ಗಿ ಕಾಗದ ಸಿಕ್ಕಿಕೊಂಡಿದೆ ಎಂಬಂತೆ ಅದರ ಬಾಗಿಲು ತೆರೆದು ಮುಚ್ಚಿ ಮಾಡಿದಳು. ಆ ಹೆಂಗಸು ಹೋಗುವವರೆಗೂ ತಲೆಯೆತ್ತಲಿಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವರು ತನ್ನನ್ನು ಒಳ್ಳೆಯವಳೆಂದು ನಂಬಿ ಕೂತಿದ್ದಾರೆ ಎನ್ನುವುದನ್ನು ಮಾತ್ರ ಅವಳಿಂದ ನುಂಗಲಾಗಲಿಲ್ಲ. ಅಂಗಡಿಗೆ ಬೀಗ ಹಾಕಿ, ಬ್ಯಾಂಡೇಜು ಬಿಚ್ಚಿ ಕಸದ ಬುಟ್ಟಿಗೆ ಹಾಕಿ, ನೆಟ್ಟಗೆ ತಂಗಿಯ ಮನೆಗೆ ನಡೆದಳು.

ತಂಗಿ ಒಗೆದ ಬಟ್ಟೆ ಮಡಚುತ್ತಿದ್ದಳು. ಪುಟ್ಟಿ ಇನ್ನೂ ಶಾಲೆಯಿಂದ ಬಂದಿರಲಿಲ್ಲ. "ಕಾಲು ವಾಸಿಯಾಯ್ತಾ?" ಎಂದು ತಂಗಿ ಕೇಳಿದಳು.

"ಕಾಲಿಗೆ ಏನೂ ಆಗಿರಲಿಲ್ಲ" ಎಂದಳು ಜೆರಾಕ್ಸಕ್ಕ. ಅಲ್ಲಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತ ಎಲ್ಲವನ್ನೂ ಹೇಳಿದಳು. ತುಟಿ ಅಲ್ಲಾಡಿಸಿದ್ದು, ಫೋನು, ನೀಲಿ ರಟ್ಟು, ನೋಡ್ಕೊಂಡಿರ್ತೀನಿ ಎಂದದ್ದು, ಬೀಗ.

ತಂಗಿಯ ಕೈಯಲ್ಲಿ ಪುಟ್ಟಿಯ ಲಂಗ ಅರ್ಧ ಮಡಚಿದ್ದು ಹಾಗೇ ನಿಂತಿತು.

"ಮಗು ನೀರಲ್ಲಿದ್ದಾಗ ನೀನು ಫೋನಲ್ಲಿದ್ದೆ."

"ಹೂಂ."

"ಅದು ಯಾರಿಗಾದ್ರೂ ಆಗಬಹುದು" ಎಂದಳು ತಂಗಿ, ಲಂಗವನ್ನು ಕೆಳಗಿಡುತ್ತ. "ಆಸ್ಪತ್ರೆಯಲ್ಲಿ ದಿನಾ ನೋಡ್ತೀನಿ, ಒಂದು ಗಳಿಗೆ ಕಣ್ಣು ತಪ್ಪಿರುತ್ತೆ ಅಷ್ಟೆ. ಅಳ್ತಿದ್ದೆ, ಬೈತಿದ್ದೆ, ಆಮೇಲೆ ಮರೀತಿದ್ದೆ. ಆದ್ರೆ ನಾನು ಅಷ್ಟು ಜನರ ಮುಂದೆ ಆ ಮನುಷ್ಯನಿಗೆ ಬೆರಳು ತೋರಿಸಿದೆ ಅಕ್ಕ. ಮಗಳ ಜೀವ ಉಳಿಸಿದೋನಿಗೆ. ನೀನು ಗೋಡೆ ಮೇಲೆ ಕೂತ್ಕೊಂಡು ನೋಡ್ತಿದ್ದೆ. ನನ್ನನ್ನ ಎಂಥವಳನ್ನಾಗಿ ಮಾಡಿಬಿಟ್ಟೆ ನೀನು!"

ಜೆರಾಕ್ಸಕ್ಕ ಅವಳ ಕೈ ಹಿಡಿಯಲು ಹೋದಳು. ತಂಗಿ ಕೈ ಹಿಂದಕ್ಕೆಳೆದುಕೊಂಡು, "ಈಗ ಹೋಗು. ಪುಟ್ಟಿ ಬರೋ ಹೊತ್ತಾಯ್ತು" ಎಂದಳು.

ಮಾರನೆಯ ದಿನ ಅವಳು ಟೈರ್ ಅಂಗಡಿಗೆ ಹೋಗಿ ಕಾರ್ಯದರ್ಶಿಯ ಮುಂದೆ ನಿಂತಳು. ಕೇಳಿ ಆತ ತಲೆ ಕೆರೆದುಕೊಂಡ. "ಅಕ್ಕ, ನಿರ್ಣಯ ಆಗಿಹೋಗಿದೆ. ಹೊಸ ಕಾವಲಿನವನು ಬಂದಾಯ್ತು. ಈಗ ಯಾಕೆ ಹುತ್ತಕ್ಕೆ ಕೈ ಹಾಕ್ತೀರಿ? ಹೇಳಲೇಬೇಕು ಅಂದ್ರೆ ಮುಂದಿನ ಸಭೆಗೆ ಮನೆಯಿಂದಲೇ ಸೇರ್ಕೊಳ್ಳಿ. ಎರಡು ಮಾತು ಹೇಳಿ ಮುಗಿಸಿ. ಎದುರಿಗೆ ನಿಂತ್ಕೊಂಡು ಮುಜುಗರ ಯಾಕೆ?"

"ಬೇಡ, ಎದುರಿಗೇ ನಿಂತ್ಕೊಳ್ತೀನಿ" ಎಂದಳು ಜೆರಾಕ್ಸಕ್ಕ.

ಮುಂದಿನ ಬಹಿರಂಗ ಸಭೆಯಲ್ಲಿ ಕುರ್ಚಿಗಳು ತುಂಬಿದ್ದವು. ಸುದ್ದಿ ಹೇಗೋ ಹರಡಿತ್ತು. ತಂಗಿ ಬಂದಿರಲಿಲ್ಲ. ಮೇಷ್ಟ್ರೂ ಬಂದಿರಲಿಲ್ಲ. ಅವರ ಹೆಂಡತಿ ಮಾತ್ರ ಹಿಂದಿನ ಸಾಲಿನ ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜೆರಾಕ್ಸಕ್ಕ ಎದ್ದು ನಿಂತಾಗ ಅವಳ ಕಾಲು ನಿಜವಾಗಿಯೂ ನಡುಗುತ್ತಿತ್ತು. ಸುತ್ತಿ ಬಳಸದೆ ಹೇಳಿದಳು: ಕರೆದವಳು ನಾನು. ಅವರು ಬರಲ್ಲ ಅಂದರು, ಒತ್ತಾಯ ಮಾಡಿದೆ. ನೋಡ್ಕೊಳ್ತೀನಿ ಅಂದೆ, ನೋಡಲಿಲ್ಲ. ಹೋದ ಸಭೆಯಲ್ಲಿ ನನ್ನ ನೆಟ್‌ವರ್ಕಿಗೆ ಏನೂ ಆಗಿರಲಿಲ್ಲ, ನಾನೇ ಮೈಕ್ ಆನ್ ಮಾಡಲಿಲ್ಲ.

ಡಾಕ್ಟರಮ್ಮ, "ಇಷ್ಟು ಧೈರ್ಯ ಎಲ್ಲರಿಗೂ ಬರಲ್ಲ" ಎಂದರು. ಎಲ್ಲಿಂದಲೋ ಒಂದು ಚಪ್ಪಾಳೆ ಶುರುವಾಗಿ ಸಭೆಯನ್ನೆಲ್ಲ ಹಿಡಿಯಿತು.

"ಹೊಡೀಬೇಡಿ, ದಮ್ಮಯ್ಯ, ಹೊಡೀಬೇಡಿ" ಎಂದು ಜೆರಾಕ್ಸಕ್ಕ ಕೈ ಮುಗಿದಳು. ಆ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮೇಷ್ಟ್ರ ಹೆಂಡತಿ ಚಪ್ಪಾಳೆ ತಟ್ಟದೆ ಎದ್ದು, ಅವಳ ಕಡೆ ನೋಡದೆ ಹೊರಟುಹೋದಳು.

ಹಳೆಯ ನಿರ್ಣಯ ರದ್ದಾಯಿತು. ಮೇಷ್ಟ್ರು ಒಪ್ಪಿದರೆ ಮತ್ತೆ ಕರೆಸಿಕೊಳ್ಳುವುದೆಂದು ತೀರ್ಮಾನವಾಯಿತು. ಅದನ್ನು ತಿಳಿಸುವ ಕೆಲಸವನ್ನು ಜೆರಾಕ್ಸಕ್ಕ ತಾನೇ ವಹಿಸಿಕೊಂಡಳು.

ಮೇಷ್ಟ್ರು ಆಗ ಒಂದು ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತು ಬಂದುಹೋಗುವವರ ಚೀಲ ನೋಡುತ್ತಿದ್ದರು. ಅವಳನ್ನು ಕಂಡು ಇನ್ನೊಬ್ಬನನ್ನು ನಿಲ್ಲಿಸಿ ಪಕ್ಕದ ಗೋಡೆಯ ಹತ್ತಿರ ಬಂದರು. ಅವಳು ಸಭೆಯ ತೀರ್ಮಾನ ಹೇಳಿದಳು. ಅವರು ಬೇರೆಯೇ ಕೇಳಿದರು.

"ಅವತ್ತು ಪರದೆ ಮೇಲೆ ನಿಮ್ಮ ತುಟಿ ಅಲ್ಲಾಡ್ತಿತ್ತು. ಏನು ಹೇಳ್ತಿದ್ರಿ?"

"ಏನೂ ಇಲ್ಲ ಮೇಷ್ಟ್ರೇ. ಸುಮ್ನೆ ಅಲ್ಲಾಡಿಸ್ತಿದ್ದೆ."

"ಒಂದು ಮಾತೂ ಇರಲಿಲ್ವಾ?"

"ಇರಲಿಲ್ಲ."

ಅವರು ರಸ್ತೆಯ ಕಡೆ ನೋಡುತ್ತ ನಿಂತರು. ಯಾವತ್ತೂ ದನಿಯೆತ್ತದ ಮನುಷ್ಯ, ಅವತ್ತೂ ಎತ್ತಲಿಲ್ಲ. "ನಾನು ಅದನ್ನೇ ಹಿಡ್ಕೊಂಡು ಇಷ್ಟು ದಿನ ಇದ್ದೆ. ಒಬ್ಬರಾದ್ರೂ ಹೇಳೋಕೆ ಹೊರಟ್ರಲ್ಲ ಅಂತ. ಹೆಂಡತಿಗೂ ಹೇಳಿ ಕಳಿಸಿದೆ. ನೀವು ಅವಳ ಕೈಲಿ ಎಣ್ಣೆ ಬೇರೆ ಇಸ್ಕೊಂಡ್ರಿ."

"ಕ್ಷಮಿಸಿ ಅಂತ ಕೇಳೋಕೂ ನನಗೆ ಬಾಯಿಲ್ಲ."

"ಕೇಳಬೇಡಿ. ಕೊಳಕ್ಕೆ ಬರ್ತೀನಿ. ನನಗೆ ನೀರಿನ ಕೆಲಸ ಬಿಟ್ಟು ಬೇರೆ ಬರಲ್ಲ. ಆದ್ರೆ ನಿಮ್ಮ ಜೊತೆ ಮೊದಲಿನ ಹಾಗೆ ಮಾತಾಡೋಕೆ ಆಗಲ್ಲ ಅಕ್ಕ. ಅದನ್ನ ಈಗಲೇ ಹೇಳಿಬಿಡ್ತೀನಿ."

ಹಾಗೆಯೇ ಆಯಿತು. ಮೇಷ್ಟ್ರು ಬಂದು ಎತ್ತರದ ಕುರ್ಚಿಯಲ್ಲಿ ಕೂತರು. ಮಕ್ಕಳಿದ್ದಾಗ ಇಬ್ಬರು ಕಾವಲಿರಬೇಕೆಂದು ಕೇಳಿ ಹೊಸಬನನ್ನೂ ಉಳಿಸಿಕೊಂಡರು. ಜೆರಾಕ್ಸಕ್ಕ ಮತ್ತೆ ಈಜಲು ಹೋಗತೊಡಗಿದಳು. ಅವರು ಬೇರೆಯವರಿಗೆ ಕೊಡುವಷ್ಟೇ ಮರ್ಯಾದೆಯನ್ನು ಅವಳಿಗೂ ಕೊಡುತ್ತಿದ್ದರು, ಅದಕ್ಕಿಂತ ಎಳ್ಳಷ್ಟೂ ಹೆಚ್ಚಿಲ್ಲ. ತಂಗಿ ತನ್ನ ಕಡೆಯಿಂದ ಅವರ ಮನೆಗೆ ಹೋಗಿ ಬಂದಳಂತೆ. ಅಲ್ಲಿ ಏನಾಯಿತೆಂದು ಅಕ್ಕನಿಗೆ ಹೇಳಲಿಲ್ಲ. ಪುಟ್ಟಿಯನ್ನು ಮೇಷ್ಟ್ರ ಹತ್ತಿರವೇ ಈಜು ಕಲಿಯಲು ಸೇರಿಸಿದಳು. ಕರೆದುಕೊಂಡು ಬರುತ್ತಿದ್ದುದು ತಾನು, ಇಲ್ಲವೇ ಗಂಡ. ಅಕ್ಕನನ್ನು ಕೇಳುತ್ತಿರಲಿಲ್ಲ. ಅಕ್ಕತಂಗಿಯರ ನಡುವೆ ಮಾತು ನಿಲ್ಲಲಿಲ್ಲ. ಆದರೆ ಮಾತಿಗೆ ಮೊದಲಿನ ರುಚಿ ಇರಲಿಲ್ಲ.

ಶಾಲೆಗೆ ರಜೆ ಬಂದ ಮೇಲೆ ಒಂದು ಬೆಳಿಗ್ಗೆ ತಂಗಿ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂರದೆ ನಿಂತುಕೊಂಡೇ, "ನನಗೆ ನಾಳೆ ಡ್ಯೂಟಿ. ಅವರೂ ಇರಲ್ಲ. ಪುಟ್ಟೀನ ನೀನು ಕರ್ಕೊಂಡು ಹೋಗ್ತೀಯಾ?" ಎಂದಳು.

ಜೆರಾಕ್ಸಕ್ಕ ತಲೆಯಾಡಿಸಿದಳು.

"ಬಾಯಿಬಿಟ್ಟು ಹೇಳು."

"ಹೋಗ್ತೀನಿ."

ಮರುದಿನ ಅವಳು ನೀರಿಗಿಳಿಯಲಿಲ್ಲ. ಕೊಳದ ಅಂಚಿಗೆ, ಕಾಲು ಒದ್ದೆಯಾಗುವಷ್ಟು ಹತ್ತಿರ, ಮಂಡಿ ಮಡಚಿ ಕೂತಳು. ಪುಟ್ಟಿ ಹಲಗೆ ಹಿಡಿದು ಕಾಲು ಬಡಿಯುತ್ತ ಅತ್ತ ಹೋದರೆ ಅವಳೂ ಕೂತಲ್ಲೇ ಅತ್ತ ತಿರುಗುತ್ತಿದ್ದಳು, ಇತ್ತ ಬಂದರೆ ಇತ್ತ. ಪೋಸ್ಟ್‌ಮ್ಯಾನ್ ತಾತ "ನಮಸ್ಕಾರ ಅಕ್ಕ" ಎಂದದ್ದು ಅವಳಿಗೆ ಕೇಳಿಸಲೇ ಇಲ್ಲ. ಕೊನೆಗೆ ಪುಟ್ಟಿ ಅಂಚಿಗೆ ಬಂದು ಕೈಯೂರಿ, ಮುಖದ ಮೇಲಿನ ನೀರು ಒರೆಸಿಕೊಂಡು, "ದೊಡ್ಡಮ್ಮ, ಹಾಗೆ ನೋಡ್ಬೇಡ. ನೀನು ಹಾಗೆ ನೋಡಿದ್ರೆ ನಂಗೆ ಭಯ ಆಗುತ್ತೆ" ಎಂದಳು.

"ಸರಿ, ನೋಡಲ್ಲ ಹೋಗು" ಎಂದು ಜೆರಾಕ್ಸಕ್ಕ ನಗಲು ಪ್ರಯತ್ನಿಸಿದಳು.

ಪುಟ್ಟಿ ಹಲಗೆ ಹಿಡಿದು ಹೊರಟಳು. ಜೆರಾಕ್ಸಕ್ಕ ಮುಖವನ್ನಷ್ಟೇ ಸ್ವಲ್ಪ ಆಚೆ ತಿರುಗಿಸಿ, ಕಣ್ಣನ್ನು ಅಲ್ಲಿಂದ ಕೀಳದೆ ಕೂತಳು.